ಅಕ್ಕನ ಮುಂದಿನ ಹಲ್ಲು, ನನ್ನ ಗಟ್ಟಿ ಕ್ಯಾಪು

ಯಾವ ಕ್ಯಾಪ್ ಹಾಕಿಸ್ಕೊಂಡ್ರೆ ಮುರಿಯಲ್ಲ ಅಂತ ವಾರಕ್ಕೆ ಹತ್ತು ಜನ ನಂಗೆ ಮೆಸೇಜ್ ಮಾಡ್ತೀರ. ಪಿಂಗಾಣಿದಾ, ಜಿರ್ಕೋನಿಯಾದಾ, ಮೆಟಲ್ಲಾ ಅಂತ. ಒಬ್ಬೊಬ್ರಿಗೂ ಉತ್ತರ ಬರ್ದು ಸಾಕಾಗಿದೆ. ಇವತ್ತು ಒಂದ್ಸಲಕ್ಕೆ ಪೂರ್ತಿ ಹೇಳ್ಬಿಡ್ತೀನಿ, ಆಮೇಲೆ ಯಾರೂ ಕೇಳ್ಬೇಡಿ. ಅಕ್ಕನ್ನ ಕೇಳೇ ಬರೀತಿರೋದು. ಹೆಸ್ರು ಹಾಕ್ಬೇಡ, ಮಿಕ್ಕಿದ್ದೆಲ್ಲ ಬರಿ, ನೀನು ಮಾಡಿದ್ದನ್ನೂ ಬಿಡ್ಬೇಡ ಅಂದ್ಳು.

ನಾನು ಹಲ್ಲು ಮಾಡೋನು. ಡಾಕ್ಟರಲ್ಲ. ಡಾಕ್ಟರು ಬಾಯಿ ಅಳತೆ ತೆಗ್ದು ಕಳಿಸ್ತಾರೆ, ನಾನು ಅದ್ರೊಳಗೆ ಪ್ಲಾಸ್ಟರ್ ಹೊಯ್ದು ಅಚ್ಚು ಮಾಡ್ಕೊಂಡು ಕ್ಯಾಪ್ ಕಟ್ತೀನಿ. ಕೋಲಾರದ ಬಸ್ ಸ್ಟ್ಯಾಂಡ್ ಹಿಂದೆ, ಮಹಡಿ ಮೇಲೆ ಹತ್ತಡಿ ಅಗಲದ ರೂಮು, ಅದೇ ನನ್ನ ಲ್ಯಾಬು. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರದಿಂದ ಕಂಡಕ್ಟರ್ ಕೈಲಿ ಡಬ್ಬ ಬರುತ್ತೆ. ಇಪ್ಪತ್ತು ವರ್ಷದ ಮೇಲಾಯ್ತು. ಜನರ ಮುಖ ನಂಗೆ ಗೊತ್ತಿರಲ್ಲ, ಹಲ್ಲು ಗೊತ್ತು. ಹಲ್ಲು ಸವೆದಿರೋದು ನೋಡಿ ಇವ್ನು ಬೀಡಿ ಕಚ್ತಾನೆ, ಇವ್ಳು ಬಲಗಡೇಲೇ ಅಗೀತಾಳೆ, ಇವ್ನು ನಿದ್ದೇಲಿ ಹಲ್ಲು ಕಡೀತಾನೆ ಅಂತ ಹೇಳ್ಬಿಡ್ತೀನಿ. ಈ ಜಂಬ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಕೆಲಸದಲ್ಲಿ ನಯವಾಗಿರೋದು ಏನೂ ಇಲ್ಲ. ಲೋಹ ಕೆಂಪಗೆ ಕರಗಿಸ್ಬೇಕು, ತಿರುಗಿಸಿ ಅಚ್ಚಿಗೆ ಎಸೀಬೇಕು, ತಣ್ಣಗಾದ್ಮೇಲೆ ಅಚ್ಚನ್ನ ಸುತ್ತಿಗೇಲಿ ಒಡ್ದು ಹೊರಗೆ ತೆಗೀಬೇಕು, ಅದ್ರ ಮೇಲೆ ಮರಳು ಹೊಡೀಬೇಕು, ಕಿವಿ ಕಿತ್ತುಹೋಗೋ ಹಾಗೆ ಉಜ್ಜಬೇಕು. ಇಷ್ಟೆಲ್ಲ ಆದ್ಮೇಲೆ ಯಾರೋ ಒಬ್ರು ನಗ್ತಾರೆ.

ನಮ್ದು ಹುತ್ತೂರು ಕಡೆ. ಅಕ್ಕನ್ನ ಕೊಟ್ಟಿದ್ದು ಬೈರಕೂರು ಹತ್ರ. ಬಾವಂದು ಮಾವಿನ ತೋಪು, ಮಧ್ಯೆ ಟೊಮ್ಯಾಟೊ. ಮಾತುಗಾರ. ಅರ್ಧ ಕನ್ನಡ ಅರ್ಧ ತೆಲುಗಲ್ಲಿ ಹತ್ತು ಜನ ನಗಿಸೋನು. ನಮ್ಮನೆಗೆ ಬಂದ್ರೆ ನಮ್ಮಮ್ಮಂಗೆ ತಾನೇ ಕಾಫಿ ಮಾಡ್ಕೊಡೋನು. ಒಬ್ಳು ಮಗಳು, ಕೋಲಾರದಲ್ಲಿ ಹಾಸ್ಟೆಲಲ್ಲಿದ್ದು ಓದ್ತಿದ್ಳು. ನಂಗೆ ಬಾವ ಅಂದ್ರೆ ಇಷ್ಟ ಇತ್ತು. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ, ಆದ್ರೂ ಇತ್ತು.

ಮೊದಲ್ನೇ ಸಲ ಅಕ್ಕನ ಮೇಲಿನ ಮುಂದಿನ ಹಲ್ಲಿನ ಮೂಲೆ ಹೋಯ್ತು. ಟೊಮ್ಯಾಟೊ ಕ್ರೇಟ್ ಎತ್ತುವಾಗ ಬಾಯಿಗೆ ಬಡೀತು ಅಂದ್ಳು. ಮುಳಬಾಗಿಲಲ್ಲಿ ನಂಗೆ ಕೆಲಸ ಕೊಡೋ ಲೇಡಿ ಡಾಕ್ಟರ್ ಒಬ್ರಿದಾರೆ, ಅವ್ರ ಹತ್ರ ಕಳಿಸ್ದೆ. ಅವ್ರು ಕಾಂಪೋಸಿಟ್ ಹಾಕಿದ್ರು. ಅದು ರಾಳಕ್ಕೆ ಗಾಜಿನ ಪುಡಿ ಕಲಿಸಿದ ಬಿಳೀ ಕಣಕ. ಹಲ್ಲಿಗೆ ಅಂಟಿಸಿ ನೀಲಿ ಲೈಟ್ ಬಿಟ್ರೆ ಗಟ್ಟಿಯಾಗುತ್ತೆ, ಬಣ್ಣ ಚೆನ್ನಾಗಿ ಸೇರುತ್ತೆ, ಆದ್ರೆ ತೀರಾ ಬಲ ಇರಲ್ಲ. ಮೂರು ತಿಂಗಳಿಗೆ ಅದೂ ಹೋಯ್ತು, ಜೊತೆಗೆ ಅರ್ಧ ಹಲ್ಲೂ ಹೋಯ್ತು. ಈ ಸಲ ಬಚ್ಚಲಲ್ಲಿ ಜಾರಿದ್ದು.

ರೂಟ್ ಕೆನಾಲ್ ಆಯ್ತು, ಕ್ಯಾಪ್ ನನ್ನ ಕೈಗೆ ಬಂತು. ಒಳಗೆ ತೆಳ್ಳಗೆ ಲೋಹ, ಮೇಲೆ ಪಿಂಗಾಣಿ. ಎರಡು ದಿನ ಅದೊಂದ್ರ ಮೇಲೇ ಕೂತೆ. ಅಕ್ಕನ ಹಲ್ಲಲ್ಲಿ ಚಿಕ್ಕಂದಿನಿಂದ ಒಂದು ಬಿಳೀ ಚುಕ್ಕೆ ಇತ್ತು, ಸಾಸಿವೆ ಕಾಳಿನಷ್ಟು. ಪಿಂಗಾಣಿ ಒಳಗೆ ಆ ಚುಕ್ಕೇನೂ ಇಟ್ಟು ಸುಟ್ಟೆ. ಹಾಕಿಸ್ಕೊಂಡು ಬಂದಾಗ ಅಮ್ಮಂಗೇ ಯಾವ ಹಲ್ಲು ಅಂತ ಗೊತ್ತಾಗ್ಲಿಲ್ಲ. ಊರಲ್ಲಿ ಯಾರಿಗೂ ಗೊತ್ತಾಗ್ಲಿಲ್ಲ. ನಾನು ಅದಕ್ಕೆ ಹೆಮ್ಮೆ ಪಟ್ಟೆ.

ಅದು ಒಂದು ವರ್ಷ ಬಾಳಿಕೆ ಬಂತು. ನಮ್ಮ ಚಿಕ್ಕಪ್ಪನ ಮನೇಲಿ ಒಂದು ಬಾಡೂಟ, ಅಲ್ಲಿಗೆ ಅಕ್ಕ ಬಂದ್ಳು, ಮುಂದಿನ ಹಲ್ಲಿನ ಜಾಗದಲ್ಲಿ ಬೂದಿ ಬಣ್ಣ. ಪಿಂಗಾಣಿ ಹಾರಿಹೋಗಿತ್ತು. ಪಂಕ್ತೀಲಿ ಎಲ್ರ ಮುಂದೆ ಬಾವ ಶುರು ಮಾಡ್ದ. ಮೂಳೆ ಕಡಿಯೋಕಾಗ್ದಿರೋ ಹಲ್ಲು ಯಾಕೋ ಬಾಮೈದ, ನಿನ್ ಲ್ಯಾಬಲ್ಲಿ ಏನು ಸೀಮೇಸುಣ್ಣದಲ್ಲಿ ಮಾಡ್ತೀಯಾ ಅಂದ. ಎಲ್ರೂ ನಕ್ರು. ಅಕ್ಕನೂ ನಕ್ಳು, ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು. ನಂಗೆ ಅನ್ನ ಇಳೀಲಿಲ್ಲ. ಬೇಜಾರು ಅಕ್ಕಂದಲ್ಲ ಸ್ವಾಮಿ, ನನ್ನ ಮಾಲಿನ ಮೇಲೆ ಮಾತು ಬಂತಲ್ಲ ಅಂತ.

ಈಗ ಗಮನ ಕೊಡಿ. ಆ ಕ್ಯಾಪ್ ತೆಗೆಸಿ ಲ್ಯಾಬಿಗೆ ತಂದು ಭೂತಗನ್ನಡಿ ಕೆಳಗೆ ಇಟ್ಟೆ. ಪಿಂಗಾಣಿ ಸರಿಯಾಗಿ ಅಂಟದೇ ಬಿದ್ರೆ ಒಳಗಿನ ಲೋಹ ಬೆತ್ತಲೆ ಕಾಣುತ್ತೆ. ಇಲ್ಲಿ ಹಂಗಿರ್ಲಿಲ್ಲ. ಲೋಹದ ಮೇಲೆ ಪಿಂಗಾಣಿಯ ಮೊದಲ್ನೇ ಪದರ, ಆ ಬೂದಿ ಬಣ್ಣದ್ದು, ಗಟ್ಟಿಯಾಗಿ ಕಚ್ಕೊಂಡೇ ಇತ್ತು. ಅಂದ್ರೆ ನನ್ನ ಕೆಲಸ ಸರಿಯಾಗಿತ್ತು. ಎರಡ್ನೇದು, ಮೂಳೆ ಕಡಿದ್ರೆ ಹಲ್ಲಿನ ಅಂಚು ಒಡೀಬೇಕು. ಅಂಚು ನೆಟ್ಟಗಿತ್ತು. ಹೋಗಿದ್ದು ತುಟಿ ಕಡೆಯ ಮುಖ. ಹೊರಗಿಂದ ಒಳಗೆ ಬಿದ್ದ ಪೆಟ್ಟು. ಬೇರೆ ಯಾವ ಊರಿನ ಯಾವ ಬಾಯಿಂದ ಬಂದಿದ್ರೂ ಒಂದೇ ನಿಮಿಷದಲ್ಲಿ ಹೇಳ್ತಿದ್ದೆ, ಇವ್ಳನ್ನ ಯಾರೋ ಹೊಡ್ದಿದಾರೆ ಅಂತ.

ಅಕ್ಕನ ಹಲ್ಲು ನೋಡಿ ನಾನು ಏನು ಮಾಡ್ದೆ ಗೊತ್ತಾ? ಕುಲುಮೆ ಚೆಕ್ ಮಾಡ್ದೆ. ಶಾಖ ಸರಿಯಾಗಿ ಏರ್ತಿಲ್ವೇನೋ ಅಂತ. ನಾಲ್ಕು ಸಲ ಸುಮ್ನೆ ಪಿಂಗಾಣಿ ಚೂರು ಸುಟ್ಟು ನೋಡ್ದೆ. ಪುಡಿ ಹಳೇದಾಯ್ತೇನೋ ಅಂತ ಹೊಸ ಡಬ್ಬ ತರಿಸ್ದೆ. ಕಣ್ಣ ಮುಂದೆ ಇದ್ದಿದ್ದನ್ನ ಬಿಟ್ಟು ಒಲೆ ಮೇಲೆ ಅನುಮಾನ ಪಟ್ಟೆ.

ಅದೇ ಹೊತ್ತಿಗೆ ಒಬ್ಬ ಡೀಲರ್ ಬಂದ. ಜಿರ್ಕೋನಿಯಾ ಮಾರೋನು. ನನ್ನ ಮೇಜಿನ ಮೇಲೆ ಒಂದು ಮರದ ತುಂಡಿಟ್ಟ, ಅದ್ರ ಮೇಲೆ ಒಂದು ಕ್ಯಾಪ್ ಇಟ್ಟ, ಸುತ್ತಿಗೆ ತಗೊಂಡು ಬೀಸಿ ಬೀಸಿ ಹೊಡ್ದ. ಕ್ಯಾಪಿಗೆ ಒಂದು ಗೀರೂ ಬೀಳ್ಲಿಲ್ಲ, ಮರದೊಳಗೆ ಇಳ್ಕೊಂಡು ಕೂತ್ಬಿಡ್ತು. ಅಲ್ಲಿದ್ದೋರೆಲ್ಲ ಬಾಯಿ ಬಿಟ್ಕೊಂಡು ಕ್ಯಾಪ್ ನೋಡಿದ್ವಿ. ಮರ ಯಾರೂ ನೋಡ್ಲಿಲ್ಲ.

ಇದೇ ಸರಿ ಅಂದ್ಕೊಂಡೆ. ಬೆಂಗಳೂರಲ್ಲಿ ಮಿಲ್ ಮಾಡಿಸಿ, ಅಂದ್ರೆ ಮೆಷಿನ್ನಲ್ಲಿ ಕೆತ್ತಿಸಿ, ತಂದೆ. ಮಿಲ್ ಆದಾಗ ಸೀಮೇಸುಣ್ಣದ ಥರ ಮೆತ್ತಗೆ, ದೊಡ್ಡದಾಗಿರುತ್ತೆ, ಬೆಂದ್ಮೇಲೆ ಕುಗ್ಗಿ ಕಲ್ಲಾಗುತ್ತೆ. ಬಣ್ಣ ನಾನೇ ಹಚ್ಚಿದೆ, ಚುಕ್ಕೇನೂ ಇಟ್ಟೆ. ಅಕ್ಕನ ಹಲ್ಲು ಒಸಡಿನ ಮೇಲೆ ಉಳಿದಿದ್ದೇ ಸ್ವಲ್ಪ, ಹಾಗಾಗಿ ಬೇರಿನೊಳಗೆ ಒಂದು ಗೂಟ ಇಳಿಸಿ ಅದ್ರ ಮೇಲೆ ಕ್ಯಾಪ್ ಕೂರಿಸ್ಬೇಕಿತ್ತು. ಲೇಡಿ ಡಾಕ್ಟರ್ ಫೈಬರ್ ಗೂಟ ಹಾಕೋಣ ಅಂದ್ರು. ಫೈಬರ್ ಆದ್ರೆ ಹಲ್ಲು ಬಾಗಿದಷ್ಟೇ ತಾನೂ ಬಾಗುತ್ತೆ, ಜೋರಾಗಿ ಏಟು ಬಿದ್ರೆ ತಾನು ಮುರಿಯುತ್ತೆ, ಬೇರು ಉಳಿಯುತ್ತೆ ಅಂದ್ರು. ನಾನು ಒಪ್ಲಿಲ್ಲ. ಮೇಡಂ, ಮೂರು ಸಲ ಮುರಿದಿದೆ, ಮೆಟಲ್ ಗೂಟ ನಾನೇ ಎರಕ ಹೊಯ್ದು ಕೊಡ್ತೀನಿ, ಈ ಸಲ ಅಲ್ಲಾಡಬಾರದು ಅಂದೆ. ಅವ್ರು ನನ್ನ ಮುಖ ನೋಡಿದ್ರು. "ಇವ್ರ ಮನೇಲಿ ಎಲ್ಲ ಸರಿಯಾಗಿದ್ಯಾ?" ಅಂತ ಕೇಳಿದ್ರು. ನಮ್ ಬಾವ ತುಂಬ ಒಳ್ಳೇವ್ರು ಮೇಡಂ ಅಂದೆ. ಅಕ್ಕ ಕುರ್ಚೀಲಿ ಬಾಯಿ ತೆಗೆದು ಮಲಗಿದ್ಳು, ಬಾಯ್ತುಂಬ ಹತ್ತಿ. ಏನೂ ಹೇಳೋಕಾಗ್ತಿರ್ಲಿಲ್ಲ.

ಹಲ್ಲು ಕೂತ ಮೇಲೆ ನಾನೇ ಅವ್ಳನ್ನ ಊರಿಗೆ ಬಿಡೋಕೆ ಹೋದೆ. ಬಾವ ಅಂಗಳದಲ್ಲಿದ್ದ. ಅಕ್ಕನ ಗಲ್ಲ ಹಿಡಿದು ಮುಖ ಮೇಲಕ್ಕೆತ್ತಿ, ಉಗುರಲ್ಲಿ ಆ ಹಲ್ಲಿನ ಮೇಲೆ ಟಕ್ ಟಕ್ ಅಂತ ಬಡಿದ, ಸಂತೇಲಿ ಮಡಕೆ ತಗೊಳ್ಳೋರ ಥರ.

"ಇದು ಮುರಿಯಲ್ವೇನ್ಲಾ?"

"ಸುತ್ತಿಗೇಲಿ ಹೊಡ್ದ್ರೂ ಮುರಿಯಲ್ಲ ಬಾವ," ಅಂದೆ.

ಜಂಬದಿಂದ ಹೇಳ್ದೆ. ಆ ಮಾತು ನನ್ನ ಬಾಯಿಂದ ಬಂದಿದ್ದು.

ಐದು ತಿಂಗಳಾಗಿತ್ತು. ಮಾವಿನ ಕೊಯ್ಲಿನ ಕಾಲ. ಬೆಳಿಗ್ಗೆ ಹನ್ನೊಂದು ಗಂಟೆ, ನಾನು ಮರಳು ಹೊಡೆಯೋ ಮೆಷಿನ್ ಮುಂದಿದ್ದೆ. ಮೆಟ್ಲಲ್ಲಿ ಯಾರೋ ನಿಂತು ನಿಂತು ಹತ್ತೋ ಸದ್ದು. ಬಾಗಿಲಲ್ಲಿ ಅಕ್ಕ. ಬಾಯಿಗೆ ಟವೆಲ್ ಒತ್ಕೊಂಡಿದ್ಳು, ಟವೆಲ್ ಕೆಂಪಾಗಿತ್ತು, ರವಿಕೆ ಮುಂದೆಲ್ಲ ರಕ್ತ ಒಣಗಿ ಕಪ್ಪಾಗಿತ್ತು. ಬೈರಕೂರಿಂದ ಮುಳಬಾಗಿಲಿಗೆ, ಅಲ್ಲಿಂದ ಕೋಲಾರಕ್ಕೆ, ಎರಡು ಬಸ್ಸು ಹತ್ತಿ ಹಂಗೇ ಬಂದಿದ್ಳು. ಸ್ಟೂಲ್ ಮೇಲೆ ಕೂತ್ಳು. ಟವೆಲ್ ತೆಗೆದ್ಳು. ಮೇಲಿನ ತುಟಿ ಸೀಳಿ ಎರಡಾಗಿತ್ತು, ಅದ್ರ ಹಿಂದೆ ನನ್ನ ಕ್ಯಾಪು ಮಾತ್ರ ಬೆಳ್ಳಗೆ, ಗೀರಿಲ್ಲದೆ, ಚುಕ್ಕೆ ಸಮೇತ ಹಂಗೇ ಇತ್ತು.

ಆವತ್ತು ಮೊದಲ್ನೇ ಸಲ ಹೇಳಿದ್ಳು. ಕ್ರೇಟೂ ಇಲ್ಲ, ಬಚ್ಚಲೂ ಇಲ್ಲ, ಮೂಳೆನೂ ಇಲ್ಲ. ಮೊದಲ್ನೇದು ಮುಷ್ಟಿ. ಎರಡ್ನೇದೂ ಮುಷ್ಟಿ. ಮೂರ್ನೇದು ಸ್ಟೀಲ್ ಚೊಂಬು. ಮಧ್ಯದಲ್ಲಿ ಹಲ್ಲಿಗೆ ತಾಗದೇ ಇರೋವು ಎಷ್ಟೋ, ಅವಕ್ಕೆ ಲೆಕ್ಕ ಇಟ್ಟಿಲ್ಲ ಅಂದ್ಳು. ನಿನ್ನೆ ಸಂಜೆ ಕೊಯ್ಲಿನ ಆಳುಗಳಿಗೆ ಊಟ ತಡ ಆಯ್ತು, ಅಷ್ಟೇ ಕಾರಣ. ಜುಟ್ಟು ಹಿಡ್ಕೊಂಡು ಬಟ್ಟೆ ಒಗೆಯೋ ಕಲ್ಲಿನ ಹತ್ರ ಎಳ್ಕೊಂಡು ಹೋಗಿದ್ದ. ಮುಖ ಕಲ್ಲಿಗೆ ಬಡಿದಿದ್ದ. ಒಂದ್ಸಲ ಅಲ್ಲ.

"ಬಡಿಯೋ ಮುಂಚೆ ಏನಂದ್ರು ಗೊತ್ತೇನೋ?" ಅಂದ್ಳು. "ಮುರಿಯಲ್ಲ ಅಂದಿದ್ನಲ್ಲ ನಿನ್ ತಮ್ಮ, ನೋಡೇಬಿಡೋಣ ಅಂದ್ರು."

ನಾನು ಮೆಷಿನ್ ಆಫ್ ಮಾಡಿರ್ಲಿಲ್ಲ. ಅದು ಹಿಂದೆ ಸುಯ್ ಅಂತ ಹೊಡ್ಕೊಳ್ತಾನೇ ಇತ್ತು.

ಮುಳಬಾಗಿಲ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಎಕ್ಸ್‌ರೇಲಿ ಕ್ಯಾಪು, ಗೂಟ ಎರಡೂ ಬೆಳ್ಳಗೆ ಗಟ್ಟಿಯಾಗಿ ನಿಂತಿದ್ವು. ಸುತ್ತ ಬೇರು ಮೇಲಿಂದ ಕೆಳಗಿನ ತನಕ ಸೌದೆ ಸೀಳಿದ ಹಾಗೆ ಸೀಳಿತ್ತು. ಡಾಕ್ಟರ್ ಬೈಲಿಲ್ಲ. ಕ್ಯಾಪ್ ಒಡೀಲಿಲ್ಲ, ಗೂಟ ಬಾಗ್ಲಿಲ್ಲ, ಏಟು ಎಲ್ಲಿಗಾದ್ರೂ ಹೋಗ್ಲೇಬೇಕಿತ್ತು, ಬೇರಿಗೆ ಹೋಯ್ತು ಅಂದ್ರು. ತುಟಿಗೆ ಹೊಲಿಗೆ ಹಾಕಿ ಬೇರು ಎರಡು ತುಂಡಾಗಿ ಕಿತ್ತರು. ಕ್ಯಾಪನ್ನ ಸಣ್ಣ ಬಾಟ್ಲೀಲಿ ಹಾಕಿ ಕೊಟ್ರು. ಬೇರೆ ಯಾವ ಪೇಷಂಟ್ ಆಗಿದ್ರೂ ನಾನು ಆ ಕ್ಯಾಪ್ ಜನಕ್ಕೆಲ್ಲ ತೋರಿಸಿ ಮೆರೀತಿದ್ದೆ.

ಅಕ್ಕನ್ನ ಅಲ್ಲೇ ಕೂರಿಸಿ ಬೈಕ್ ತಗೊಂಡು ಹೊರಟೆ. ದಾರಿ ನೆನಪಿಲ್ಲ. ಬಾವ ತೋಪಲ್ಲಿ ಕಾಯಿ ಕ್ರೇಟಿಗೆ ತುಂಬಿಸ್ತಾ ಇದ್ದ. ನನ್ನ ನೋಡಿ ನಕ್ಕ, ಬಾರೋ ಬಾಮೈದ ಅಂದ. ಮುಷ್ಟಿ ನೇರ ಬಾಯಿಗೇ ಹಾಕ್ದೆ, ಬೇಕಂತ್ಲೇ. ಬಿದ್ದ. ಮೇಲೆ ಕೂತು ಇನ್ನೂ ಹಾಕ್ದೆ. ಕ್ರೇಟ್ ಉರುಳಿ ಕಾಯೆಲ್ಲ ಚೆಲ್ಲಾಡಿದ್ವು. ಆಳುಗಳು ಮೂರು ಜನ ಹಿಡ್ಕೊಂಡು ಎಳೆಯೋ ತನಕ ಬಿಡ್ಲಿಲ್ಲ. ನಿಜ ಹೇಳ್ತೀನಿ, ಹೊಡೆಯುವಾಗ ಸುಖ ಆಯ್ತು. ಆ ಸುಖ ಗೊತ್ತಾದ್ಮೇಲೆ ನಂಗೆ ನನ್ನ ಮೇಲೇ ಭಯ ಇದೆ.

ಅವನ ಹಲ್ಲು ಮುರೀಲಿಲ್ಲ. ಮಾಡಿದ್ದಲ್ಲ, ಹುಟ್ಟಿದ ಹಲ್ಲು ಅದು. ಬೇರಿನ ಸುತ್ತ ತೆಳ್ಳನೆ ನಾರಿನ ಪದರ ಇರುತ್ತೆ, ಏಟು ಬಿದ್ರೆ ಕೂದಲೆಳೆಯಷ್ಟು ಜಾಗ ಕೊಡುತ್ತೆ. ಅವನ ಹಲ್ಲು ಜಾಗ ಕೊಡ್ತು, ನನ್ನ ಗೆಣ್ಣು ಸೀಳಿತು. ಮಾರ್ನೇ ದಿನಕ್ಕೆ ಬಲಗೈ ಊದಿ ಕೀವು ತುಂಬ್ತು. ಆಸ್ಪತ್ರೇಲಿ ಕುಯ್ದು ತೊಳೆದ್ರು. ಮನುಷ್ಯನ ಬಾಯಿ ತುಂಬ ಕೊಳಕು ಕಣ್ರೀ ಅಂದ್ರು ಅಲ್ಲಿನ ಡಾಕ್ಟರು.

ಅಕ್ಕ ಬಂದು ನನ್ನ ಬ್ಯಾಂಡೇಜ್ ನೋಡಿದ್ಳು. ಖುಷಿ ಪಡ್ತಾಳೆ ಅಂದ್ಕೊಂಡಿದ್ದೆ.

"ನೀನು ಹೊಡ್ದು ಬೈಕ್ ಹತ್ತಿ ಬಂದ್ಬಿಟ್ಟೆ," ಅಂದ್ಳು. "ನಾಳೆ ನನ್ನ ಅದೇ ಮನೆಗೆ ಕಳಿಸಿದ್ರೆ, ಒಳಗಡೆ ಇರೋಳು ನಾನು ಕಣೋ."

ಕಳಿಸೋಕೆ ಎಲ್ಲ ತಯಾರಿನೂ ನಡೀತಿತ್ತು. ಬಾವನ ಕಡೆಯೋರು ಊರ ಹಿರಿಯರ ನ್ಯಾಯ ಸೇರಿಸಿದ್ರು, ಬಾಮೈದ ತೋಪಿಗೆ ನುಗ್ಗಿ ಹೊಡ್ದ ಅಂತ. ಆರೋಪಿ ನಾನೇ. ನಾನು ತಪ್ಪೊಪ್ಕೊಳ್ಬೇಕು, ಅಕ್ಕ ವಾಪಸ್ ಹೋಗ್ಬೇಕು, ಮಗಳ ಮದುವೆ ಆಗೋ ತನಕ ಎಲ್ರೂ ಹೊಂದ್ಕೊಂಡು ಹೋಗ್ಬೇಕು. ನಮ್ಮಮ್ಮಂದೂ ಅದೇ ಮಾತು. ಅಕ್ಕನ ಮುಂದಿದ್ದಿದ್ದು ಇದೊಂದೇ ಪ್ರಶ್ನೆ, ಆ ಬಾಗಿಲೊಳಗೆ ಮತ್ತೆ ಹೋಗೋದಾ ಬೇಡ್ವಾ. ಅವ್ಳು ಬೇಡ ಅಂದಿದ್ದು ಯಾರ ಕಿವಿಗೂ ಬೀಳ್ತಿರ್ಲಿಲ್ಲ.

ನ್ಯಾಯದ ದಿನ ಬೆಳಿಗ್ಗೆ ನಾನು ಒಂದು ತೆಗೆದು ಹಾಕೋ ಹಲ್ಲು ಕೊಟ್ಟೆ, ಅಕ್ರಿಲಿಕ್‌ದು, ಎಡಗೈಲೇ ತಿಣುಕಾಡಿ ಮಾಡಿದ್ದು. ಹತ್ತು ಜನರ ಮುಂದೆ ಕೂರ್ಬೇಕಲ್ಲ, ಸಂದಿ ಕಾಣದೇ ಇರ್ಲಿ ಅಂತ. ನಂಗೆ ಬೇರೆ ಯೋಚ್ನೆನೇ ಬರ್ಲಿಲ್ಲ ನೋಡಿ. ಅಕ್ಕ ಡಬ್ಬ ತೆಗೆದು ನೋಡಿ ಮುಚ್ಚಿದ್ಳು.

"ಇಷ್ಟು ದಿನ ನೀನು ಎಷ್ಟು ಚೆನ್ನಾಗಿ ಮಾಡ್ಕೊಟ್ಟೆ ಅಂದ್ರೆ," ಅಂದ್ಳು, "ನಾನು ಏಟು ತಿಂದಿದ್ದು ಒಬ್ರಿಗೂ ಕಾಣ್ಲಿಲ್ಲ."

ನಾನು ಹೋಗಿ ಬಸ್ ಸ್ಟಾಪಲ್ಲಿ ನಿಂತ್ಕೊಂಡೆ. ಅವ್ಳ ಪಕ್ಕದಲ್ಲಿ ನಿಲ್ಲೋಕಾಗ್ಲಿಲ್ಲ.

ಬಾವನ ಊರಿನ ಹಾಲಿನ ಡೈರಿ ಶೆಡ್ಡಲ್ಲಿ ಸೇರಿದ್ರು. ನಡುವೆ ಒಬ್ಬ ಹಿರಿಯರು, ಎಂಬತ್ತರ ಆಸುಪಾಸು, ಬಾವನ ದೊಡ್ಡಪ್ಪನ ವರಸೆ. ತೆಲುಗಲ್ಲೇ ನನ್ನ ಕೇಳಿದ್ರು, "ಎಂದುಕ್ ಕೊಟ್ಟಿನಾವ್‌ರಾ?" ಯಾಕೋ ಹೊಡ್ದೆ ಅಂತ. ನಾನು ಹೇಳ್ದೆ. ಬಾವ ಮಧ್ಯ ಬಾಯಿ ಹಾಕ್ದ. ಹೆಂಗಸು ಮೂಳೆ ಕಡ್ದು ಹಲ್ಲು ಕಳ್ಕೊಂಡ್ಳು, ಇವ್ನು ಹಾಕೋದೇ ಕಳಪೆ ಮಾಲು, ತನ್ನ ಮಾನ ಉಳಿಸ್ಕೊಳ್ಳೋಕೆ ನನ್ನ ಮೇಲೆ ಹಾಕ್ತಿದಾನೆ ಅಂದ. ತುಟಿ ಹೊಲಿಗೆಗೂ ಏನೋ ಒಂದು ಹೇಳ್ದ. ನಾಲ್ಕು ಜನ ತಲೆ ಆಡಿಸಿದ್ರು.

ಜೇಬಿಂದ ಬಾಟ್ಲಿ ತೆಗ್ದೆ. ಕ್ಯಾಪಿನ ಗೂಟ ಮೊದಲೇ ಕತ್ತರಿಸಿದ್ದೆ. ಹಿರಿಯರು ಕೂತಿದ್ದ ಮರದ ಬೆಂಚಿನ ತುದೀಲಿ ಕ್ಯಾಪ್ ಮಲಗಿಸಿ, ಡೈರಿಯವ್ರ ಹತ್ರ ಸುತ್ತಿಗೆ ಇಸ್ಕೊಂಡೆ. ನನ್ನ ಬಲಗೈ ಬ್ಯಾಂಡೇಜಲ್ಲಿತ್ತು. ನೀವೇ ಹೊಡೀರಿ ತಾತ, ಕಳಪೆ ಆದ್ರೆ ಒಡೆಯುತ್ತೆ ಅಂದೆ. ಮುದುಕರು ಒಂದೇಟು ಮೆಲ್ಲಗೆ ಹಾಕಿದ್ರು. ಆಮೇಲೆ ಎದ್ದು ನಿಂತು, ಪಂಚೆ ಎತ್ತಿ ಕಟ್ಕೊಂಡು, ಗೂಟ ಹೊಡೆಯೋ ಹಾಗೆ ಹೊಡ್ದ್ರು. ಮೂರು ಏಟು. ಕ್ಯಾಪು ಬೆಂಚಿನೊಳಗೆ ಇಳೀತು. ಬಗ್ಗಿ ನೋಡಿದ್ರು, ಗೀರಿರ್ಲಿಲ್ಲ. ಎಲ್ರೂ ಕ್ಯಾಪ್ ನೋಡೋಕೆ ಮುಂದೆ ಬಂದ್ರು, ನಾನು ಲ್ಯಾಬಲ್ಲಿ ನೋಡಿದ್ನಲ್ಲ, ಹಂಗೇ. ಯಾವ ಕಂಪನಿದು, ವಿದೇಶದ್ದಾ, ಎಲ್ಲಿ ಸಿಗುತ್ತೆ ಅಂತ ಒಬ್ಬ ಶುರುನೇ ಮಾಡ್ದ. ಇದು ಒಡೆಯದೇ ಒಳಗಿನ ಬೇರು ಸೀಳಿದೆ ಅಂದ್ರೆ ಏಟು ಎಷ್ಟಿರ್ಬೇಕು ಅಂತ ನಾನೂ ವಿವರಿಸ್ತಾ ಹೋದೆ. ಬಾವ ಅದಕ್ಕೊಂದು ತಕರಾರು, ನಾನದಕ್ಕೊಂದು ಉತ್ತರ.

ಅಕ್ಕ ಎದ್ದು ನಿಂತ್ಳು. ತುಟಿ ಇನ್ನೂ ಊದಿತ್ತು. ಹಲ್ಲಿಲ್ಲದ ಸಂದೀಲಿ ಗಾಳಿ ನುಗ್ಗಿ ಮಾತು ತೊದಲ್ತಾ ಇತ್ತು, ಆದ್ರೂ ಬಾಯಿಗೆ ಸೆರಗು ಅಡ್ಡ ಹಿಡೀಲಿಲ್ಲ.

"ಆಗ್ಲಿಂದ ಹಲ್ಲಿನ ಬಗ್ಗೆನೇ ಮಾತಾಡ್ತಿದ್ದೀರ," ಅಂದ್ಳು. "ಅವ್ನು ಕಲ್ಲಿಗೆ ಬಡಿದಿದ್ದು ನನ್ನ."

ನನ್ ಕಡೆನೂ ನೋಡಿದ್ಳು ಹಂಗನ್ನುವಾಗ. ಹದಿನೆಂಟು ವರ್ಷ ಅವ್ರು ಇವ್ರು ಅಂತಿದ್ದೋಳು, ಎಲ್ರೆದುರಿಗೆ ಅವ್ನು ಅಂದ್ಳು. ಬಾವ ಕುರ್ಚಿ ತಳ್ಳಿ ಎದ್ದ. ಏನಂದೆ ಅಂತ ಕೈ ಎತ್ಕೊಂಡು ನಾಲ್ಕು ಹೆಜ್ಜೆ ಬಂದ, ಅಷ್ಟು ಜನ ಇದಾರೆ ಅನ್ನೋದೂ ಮರೆತು. ಅಕ್ಕ ಹಿಂದಕ್ಕೆ ಸರೀಲಿಲ್ಲ, ಆದ್ರೆ ಅವ್ಳ ಕೈ ತಾನಾಗೇ ಮುಖಕ್ಕೆ ಅಡ್ಡ ಬಂತು. ಅಷ್ಟು ಬೇಗ, ಅಷ್ಟು ಅಭ್ಯಾಸ ಆದ ಹಾಗೆ. ಶೆಡ್ಡಲ್ಲಿದ್ದೋರೆಲ್ಲ ಅದನ್ನ ನೋಡಿದ್ರು. ಮುದುಕರು ಸುತ್ತಿಗೆ ಕೈಲಿ ಹಿಡ್ಕೊಂಡೇ ಇದ್ರು, ಅದನ್ನ ಬಾವನ ಎದೆಗೆ ಅಡ್ಡ ಇಟ್ಟು ನಿಲ್ಲಿಸಿದ್ರು. ಆಮೇಲೆ ಬೆಂಚಲ್ಲಿ ಬಿದ್ದ ತಗ್ಗನ್ನ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದ್ರು.

"ನೀನು ಹೋಗಮ್ಮ," ಅಂದ್ರು. "ಇವ್ನ ಮನೆಗಲ್ಲ. ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ."

ಅಲ್ಲಿಂದ ನೇರ ಮುಳಬಾಗಿಲು ಸ್ಟೇಷನ್ನಿಗೆ ಹೋದ್ವಿ. ಲೇಡಿ ಡಾಕ್ಟರ್ ಎಕ್ಸ್‌ರೇ ಜೊತೆ ಇದು ಏಟಿನ ಗಾಯ ಅಂತ ಬರ್ದು ಕೊಟ್ರು. ಕೇಸ್ ಇನ್ನೂ ನಡೀತಿದೆ. ಬಾವ ನನ್ನ ಮೇಲೆ ಹಾಕಿರೋದೂ ನಡೀತಿದೆ, ನಡೀಲಿ, ಹೊಡ್ದಿದ್ದು ನಿಜ. ಅಕ್ಕ ಈಗ ಮಾಸ್ತೀಲಿ ಮನೆ ಮಾಡ್ಕೊಂಡಿದಾಳೆ, ಡೈರೀಲಿ ಹಾಲು ಅಳೆಯೋ ಕೆಲಸ. ಮಗಳು ರಜಾಕ್ಕೆ ಅಲ್ಲಿಗೇ ಬರ್ತಾಳೆ.

ಒಂದು ವರ್ಷ ಅಕ್ಕ ಆ ಸಂದಿ ಹಂಗೇ ಬಿಟ್ಕೊಂಡಿದ್ಳು. ಆಮೇಲೆ ಒಂದಿನ ಲ್ಯಾಬಿಗೆ ಬಂದು, ಈಗ ಮಾಡ್ಕೊಡು ಅಂದ್ಳು. ನಾನು ಅಭ್ಯಾಸಬಲದಿಂದ ಯಾವುದು ಗಟ್ಟಿ ಅಂತ ಶುರು ಮಾಡ್ದೆ. ಕೈ ಎತ್ತಿ ನಿಲ್ಲಿಸಿದ್ಳು.

"ಗಟ್ಟಿ ಬೇಡ. ನೋಡೋಕೆ ಚೆನ್ನಾಗಿರೋದು ಮಾಡು."

ಗಾಜಿನಂಥ ಸೆರಾಮಿಕ್‌ದು ಮಾಡ್ದೆ. ಬೆಳಕು ಒಳಗೆ ಹೋಗಿ ಬರುತ್ತೆ, ನಿಜವಾದ ಹಲ್ಲಿನ ಥರ. ಪಕ್ಕದ ಹಲ್ಲಿನ ಬೆನ್ನಿಗೆ ಒಂದು ಸಣ್ಣ ರೆಕ್ಕೆ ಅಂಟಿಸಿ ನಿಲ್ಲಿಸೋದು, ಯಾವ ಹಲ್ಲನ್ನೂ ಕೊರೆಯೋ ಹಾಗಿಲ್ಲ. ಜೋರಾಗಿ ಏಟು ಬಿದ್ರೆ ಕಳಚ್ಕೊಳ್ಳುತ್ತೆ ಅಂದ್ರು ಡಾಕ್ಟರ್. ಬಿದ್ರೆ ತಾನೆ ಅಂದ್ಳು ಅಕ್ಕ. ಬಿಳೀ ಚುಕ್ಕೆ ಬೇಡ ಅಂದ್ಳು, ಇಡ್ಲಿಲ್ಲ.

ಹೋದ ತಿಂಗಳು ಮಾಸ್ತಿಯಿಂದ ಬಂದ್ಳು, ಹಲ್ಲನ್ನ ಪೇಪರಲ್ಲಿ ಸುತ್ಕೊಂಡು. ನಗ್ತಾ ಇದ್ಳು, ಬಾಯಿ ಮುಚ್ಕೊಳ್ದೇ. ಚಕ್ಲಿ ಕಡ್ದೆ ಕಣೋ, ಕಳಚ್ಕೊಂಡ್ತು ಅಂದ್ಳು. ನಾನೂ ನಕ್ಕೆ. ಆದ್ರೆ ಪೇಪರ್ ಬಿಚ್ಚಿ ಭೂತಗನ್ನಡಿ ಕೆಳಗೆ ಇಟ್ಟೇ ಇಟ್ಟೆ. ತುಟಿ ಕಡೆಯ ಮುಖ ತಿರುಗಿಸಿ ತಿರುಗಿಸಿ ನೋಡ್ದೆ. ಒಂದು ಗೀರೂ ಇಲ್ಲ. ಅಂಟು ಬಿಟ್ಟಿದ್ದು ಹಿಂದಿನ ರೆಕ್ಕೇಲಿ, ಒಳಗಿಂದ ಹೊರಗೆ ತಳ್ಳಿದ ಗುರುತು, ಅಂಚಲ್ಲಿ ಎಣ್ಣೆ ಜಿಡ್ಡು. ಅಕ್ಕ ಸ್ಟೂಲ್ ಮೇಲೆ ಸುಮ್ನೆ ಕೂತು ಕಾಯ್ತಾ ಇದ್ಳು, ನಾನು ನೋಡಿ ಮುಗಿಸೋ ತನಕ.

"ಚಕ್ಲಿನೇ," ಅಂದೆ.